ಬಣ್ಣ ಕೇಳಬೇಡಿ, ಚಿತ್ರ ಕೇಳಿ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಬಂಗುಡೆ ಕೊಯ್ಯುತ್ತಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೇಳಿದೆ, "ಹೌದಾ" ಎಂದೆ, ಉಳಿದ ಮೀನಿನ ತಲೆ ತೆಗೆದೆ. ಬಹರೈನಿನಲ್ಲಿ ನಮ್ಮ ಜೊತೆಗಿದ್ದ ಒಬ್ಬ ಹೆಂಗಸು ಫೋನ್ ಮಾಡಿದ್ದಳು. "ಎಂಥ ಮನುಷ್ಯ ಅಲ್ವಾ!" ಎಂದು ಆ ಕಡೆಯಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಎಂಥ ಮನುಷ್ಯ ಎಂಬುದನ್ನು ನನ್ನಷ್ಟು ಬಲ್ಲವರು ಕಡಿಮೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದವರ ಬಗ್ಗೆ ಅವರು ಆಡಿದ್ದನ್ನು ಕೇಳಿದ್ದರೆ ಈ ನಿಯಮ ಮಾಡಿದವರೂ ಇನ್ನೊಮ್ಮೆ ಯೋಚಿಸುತ್ತಿದ್ದರು.

ನನ್ನ ಗಂಡ ಜಗಲಿಯಲ್ಲಿ ಯಾರದೋ ಗೀಸರನ್ನು ಬಿಚ್ಚಿ ಹರಡಿಕೊಂಡು ಕೂತಿದ್ದರು. ಹೋಗಿ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, "ಹಾಗಾದರೆ ಇನ್ನು ಹೇಳುವವರು ಯಾರೂ ಇಲ್ಲ" ಎಂದರು. ಮತ್ತೆ ಅದನ್ನು ಕೈಗೆತ್ತಿಕೊಂಡರು. ಸತ್ತ ಆ ಮನುಷ್ಯನ ಬಾಯಿಂದ ಒಂದೇ ಒಂದು ಮಾತು ಬರಲೆಂದು ನನ್ನ ಗಂಡ ಅರ್ಧ ಆಯುಷ್ಯ ಕಾದಿದ್ದರು. "ಅದು ನೀನಲ್ಲ, ನಾನು" ಎಂಬ ಮಾತು. ಆ 'ಅದು' ಯಾವುದು ಎಂಬುದನ್ನು ಹೇಳುತ್ತೇನೆ. ಅದಕ್ಕೆ ಮೊದಲು ಆ ಮನುಷ್ಯನನ್ನು ನಿಮಗೆ ತೋರಿಸಬೇಕು.

ಬಹರೈನಿನಲ್ಲಿ ಮನೆ ಬೆಚ್ಚಗಿಡಲು ಬಾಯ್ಲರ್ ಇತ್ತು ಎಂದರೆ ನಮ್ಮ ಊರಿನವರು ನಗುತ್ತಾರೆ. ಸುಡುವ ಮರಳಿಗೆ ಒಲೆ ಬೇರೆ ಬೇಕಾ ಎನ್ನುತ್ತಾರೆ. ಅವರಿಗೆ ಅಲ್ಲಿಯ ಜನವರಿ ಗೊತ್ತಿಲ್ಲ. ಬಡಗಣ ಗಾಳಿ ಸಮುದ್ರದ ತೇವವನ್ನೆಲ್ಲ ಎತ್ತಿಕೊಂಡು ಬಂದು ಮಾರ್ಬಲ್ ನೆಲದೊಳಗೆ ತುಂಬುತ್ತದೆ. ನಮ್ಮಂಥವರು ಎರಡು ಸ್ವೆಟರ್ ಹಾಕಿಕೊಂಡು ಸುಧಾರಿಸುತ್ತಿದ್ದೆವು. ಅದ್ಲಿಯಾದ ದೊಡ್ಡ ವಿಲ್ಲಾಗಳಲ್ಲಿ, ಪರದೇಶದ ಸಾಹೇಬರಿರುವ ಕಾಂಪೌಂಡುಗಳಲ್ಲಿ ಮಾತ್ರ ಅಡುಗೆಮನೆಯ ಹಿಂದೆ ಒಂದು ಸಣ್ಣ ಕೋಣೆ, ಅದರೊಳಗೆ ಒಂದು ಬಾಯ್ಲರ್. ಅದು ನೀರು ಕಾಯಿಸುತ್ತದೆ, ಪಂಪು ಆ ನೀರನ್ನು ಕೋಣೆಕೋಣೆಯ ಗೋಡೆಗೆ ಕೂರಿಸಿದ ರೇಡಿಯೇಟರುಗಳಲ್ಲಿ ಸುತ್ತಿಸುತ್ತದೆ. ಈ ಬಾಯ್ಲರುಗಳನ್ನು ನೋಡಿಕೊಳ್ಳುವ ಕಂಪನಿಯೊಂದರಲ್ಲಿ ತೊಂಬತ್ತರ ದಶಕದಲ್ಲಿ ನನ್ನ ಗಂಡ ಮೆಕ್ಯಾನಿಕ್, ನಾನು ಟೆಲಿಫೋನಿನ ಹುಡುಗಿ. ಹುಡುಗಿ ಎಂದರೆ ಹೆಸರಿಗೆ. ನನಗೆ ಆಗ ಶಾಲೆಗೆ ಹೋಗುವ ಮಗಳಿದ್ದಳು. ನಮ್ಮಿಬ್ಬರ ಮೇಲೆ, ಇನ್ನೂ ಹತ್ತಾರು ಮೆಕ್ಯಾನಿಕ್‌ಗಳ ಮೇಲೆ ಸರ್ವಿಸ್ ಇನ್‌ಚಾರ್ಜ್ ಆಗಿದ್ದವರು ಈಗ ಸತ್ತ ಆ ಮನುಷ್ಯ. ಉಡುಪಿ ಕಡೆಯವರು. ಎಲ್ಲರೂ 'ಅಣ್ಣ' ಎನ್ನುತ್ತಿದ್ದರು. ನಮ್ಮ ಕಡೆ ಕ್ಯಾಥೊಲಿಕ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಅವರು 'ಬಾಯಮ್ಮ' ಎನ್ನುತ್ತಿದ್ದರು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ನನ್ನ ಮೇಜಿನ ಅಂಚಿನ ಮೇಲೆ ಕೂತು ಪಾಠ ಮಾಡಿದರು. ಬಿಳಿ ಶರ್ಟು, ಬಿಳಿ ಶೂಸು. ಬಾಯ್ಲರ್ ಕೋಣೆಯ ಮಸಿಯಲ್ಲಿ ದಿನವಿಡೀ ತಿರುಗಿದರೂ ಅವರ ಬಟ್ಟೆಗೆ ಒಂದು ಕಲೆ ತಾಗುತ್ತಿರಲಿಲ್ಲ.

"ನಿಮ್ಮ ಮನೆಯ ಬಚ್ಚಲಿನ ಹಂಡೆ ಗೊತ್ತುಂಟಲ್ಲ ಬಾಯಮ್ಮ? ಇದು ಅದೇ. ಬೆಂಕಿ, ನೀರು, ಹೊಗೆ. ಮೂರರಲ್ಲಿ ಒಂದು ಕೆಟ್ಟಿರ್ತದೆ. ಮೂರೂ ಸರಿ ಉಂಟಾದ್ರೆ ಕೆಟ್ಟದ್ದು ಆ ಮನೆಯ ಯಜಮಾನ್ತಿಯ ಮಂಡೆ."

ಆಮೇಲೆ ಬಾಯ್ಲರಿನ ಮುಖದ ಒಂದು ಫೋಟೋ ತಂದು ನನ್ನೆದುರಿನ ಗೋಡೆಗೆ ಅಂಟಿಸಿದರು. ಅದರಲ್ಲಿ ಸಾಲಾಗಿ ಸಣ್ಣ ಸಣ್ಣ ದೀಪಗಳು, ಒಂದೊಂದರ ಮೇಲೂ ಒಂದೊಂದು ಚಿತ್ರ. ಅಡ್ಡಗೆರೆ ಎಳೆದ ಬೆಂಕಿಯ ಚಿತ್ರ ಹತ್ತಿದರೆ ಬೆಂಕಿ ಹಿಡಿದಿಲ್ಲ ಎಂದರ್ಥ. ನಲ್ಲಿಯ ಚಿತ್ರ ಹತ್ತಿದರೆ ಒಳಗೆ ನೀರಿನ ಒತ್ತಡ ಸಾಲದು. ಸ್ಪ್ಯಾನರ್ ಬಂದರೆ ಸರ್ವಿಸಿಗೆ ಸಮಯವಾಗಿದೆ. ಥರ್ಮಾಮೀಟರ್ ಹತ್ತಿದರೆ ಮಾತ್ರ ಯಾರೂ ಏನನ್ನೂ ಮುಟ್ಟಬಾರದು. ನೀರು ಮಿತಿಮೀರಿ ಕಾದಿದೆ, ತಣಿಯಲು ಬಿಡಬೇಕು, ನಮ್ಮವರು ಹೋಗಿ ನೋಡುವವರೆಗೆ ಕೆಂಪು ರೀಸೆಟ್ ಬಟನ್ನಿನ ಹತ್ತಿರ ಕೈ ಹೋಗಬಾರದು.

"ಗಿರಾಕಿಗಳು ಫೋನ್ ಮಾಡಿ ಕೆಂಪು ಲೈಟು, ಕೆಂಪು ಲೈಟು ಅಂತ ಬೊಬ್ಬೆ ಹೊಡೀತಾರೆ. ಎಲ್ಲ ಲೈಟೂ ಕೆಂಪೇ. ಬಣ್ಣ ಕೇಳ್ಬೇಡಿ, ಚಿತ್ರ ಕೇಳಿ. ಚಿತ್ರ ಇಲ್ಲಾಂದ್ರೆ ಕಾಯಿಲೆ ಇಲ್ಲ. ತಿಳೀತಾ?"

ತಿಳಿಯಿತು. ಚೆನ್ನಾಗಿಯೇ ಕಲಿಸಿದರು. ಚಳಿಗಾಲ ಶುರುವಾಗಿ ಬಾಯ್ಲರುಗಳನ್ನು ಹಚ್ಚುವ ಹೊತ್ತಿಗೆ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಒಬ್ಬ ಗುಜರಾತಿ ಸೇಠಾಣಿ 'ಪಾನ್ ಕಾ ಪತ್ತಾ' ಹತ್ತಿದೆ ಎಂದಳು. ನನಗೆ ಅರ್ಥವಾಗದೆ ಅವರ ಕಡೆ ನೋಡಿದೆ. "ಅಡ್ಡಗೆರೆ ಹಾಕಿದ ಬೆಂಕಿ, ಮಾರಾಯ್ತಿ. ಅವಳಿಗೆ ವೀಳ್ಯದೆಲೆಯ ಹಾಗೆ ಕಂಡದ್ದು. ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಳ್ಳಲಿಕ್ಕೆ ಹೇಳಿ" ಎಂದರು. ಇನ್ನೊಬ್ಬಳಿಗೆ ಸ್ಪ್ಯಾನರ್ ಮೂಳೆಯ ಹಾಗೆ ಕಂಡಿತು. ಅವರು ಫೋನ್ ಕಸಿದುಕೊಂಡು ಆ ಹೆಂಗಸಿನ ಹತ್ತಿರ, ನಿಮ್ಮ ಮನೆಯಲ್ಲಿ ನಾಯಿಗೆ ಸರಿಯಾಗಿ ಊಟ ಹಾಕುತ್ತಿಲ್ಲವೇ ಎಂದು ಬಹಳ ಗಂಭೀರವಾಗಿ ವಿಚಾರಿಸಿದರು. ಆಫೀಸಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾನೂ ನಕ್ಕೆ. ಅವರು ನಗಿಸುತ್ತಿದ್ದರು, ಅದರಲ್ಲಿ ಸುಳ್ಳಿಲ್ಲ. ನಗುವವರ ಸಾಲಿನಲ್ಲಿ ನಾವು ನಿಂತಿರುವವರೆಗೆ ಅವರ ಹಾಗೆ ಗಮ್ಮತ್ತಿನ ಮನುಷ್ಯ ಇನ್ನೊಬ್ಬ ಇರಲಿಲ್ಲ.

ಆ ಯಂತ್ರದಿಂದಲೇ ಅವರು ಎಲ್ಲರಿಗೂ ಅಡ್ಡಹೆಸರು ಇಟ್ಟಿದ್ದರು. ಮಾತು ತೊದಲುವ ಒಬ್ಬ ಮೆಕ್ಯಾನಿಕ್‌ನ ಹೆಸರು 'ಅಡ್ಡಗೆರೆ'. ಅವನು ಬಾಯಿ ತೆರೆದು ಮೊದಲ ಅಕ್ಷರಕ್ಕೆ ಒದ್ದಾಡುವಾಗ ಇವರು ರೀಸೆಟ್ ಒತ್ತುವ ಹಾಗೆ ಅವನ ಹೊಟ್ಟೆಗೆ ಬೆರಳು ಒತ್ತುತ್ತಿದ್ದರು. ಅಕೌಂಟೆಂಟ್ 'ಥರ್ಮಾಮೀಟರ್'. ನಾನು 'ಸೈರನ್'. ಮಾತೇ ಆಡದ ನನ್ನ ಗಂಡನಿಗೆ ಮೊದಲು ಇಟ್ಟ ಹೆಸರು 'ಸ್ಟ್ಯಾಂಡ್‌ಬೈ'. ಬದಲಾಯಿಸಿದ ಹೆಸರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಊರಿನಿಂದ ಹೊಸದಾಗಿ ಬಂದವರಿಗೆ ಅವರು ಮಾಡುತ್ತಿದ್ದ ಸ್ವಾಗತವೇ ಬೇರೆ. ಅಲ್ಲಿ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕುದಿಯುತ್ತಿರುತ್ತದೆ. ಅದಕ್ಕೆ ನಾವು ಬಚ್ಚಲಿನ ಹೀಟರ್ ಆಫ್ ಮಾಡಿಬಿಡುತ್ತೇವೆ. ಅದರೊಳಗೆ ನಿಂತ ನೀರು ಏಸಿಯ ತಂಪಿಗೆ ತಣ್ಣಗಾಗಿರುತ್ತದೆ, ಕೆಂಪು ಗುರುತಿನ ನಲ್ಲಿಯಿಂದ ಬರುತ್ತದೆ. ನೀಲಿ ಗುರುತಿನದ್ದರಲ್ಲಿ ಬರುವುದು ಟ್ಯಾಂಕಿನ ಬಿಸಿ. ಬಹರೈನಿನಲ್ಲಿ ಒಂದು ಜುಲೈ ಕಳೆದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಅವರು ವಿಮಾನದಿಂದ ಇಳಿದು ಬಂದ ಹೊಸಬನ ಹೆಗಲ ಮೇಲೆ ಕೈ ಹಾಕಿ, "ಬೆವರಿದ್ದಿ ಮಾರಾಯ, ನೀಲಿ ನಲ್ಲಿ ಪೂರ್ತಿ ತಿರುಗಿಸಿ ಒಂದು ಸ್ನಾನ ಮಾಡಿ ಬಾ" ಎನ್ನುತ್ತಿದ್ದರು. ಒಳಗಿನಿಂದ ಚೀರಾಟ ಕೇಳುವವರೆಗೆ ಎಲ್ಲರನ್ನೂ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಕಾರ್ಕಳದ ಒಬ್ಬನ ಬೆನ್ನು ಬೊಕ್ಕೆ ಎದ್ದಿತು. "ಇದು ಮೊದಲ ಪಾಠ. ಇಲ್ಲಿ ಬರೆದಿಟ್ಟದ್ದನ್ನು ನಂಬಬಾರ್ದು" ಎಂದು ಅವರೇ ಅವನ ಬೆನ್ನಿಗೆ ಮುಲಾಮು ಹಚ್ಚಿದರು. ಆ ಮುಲಾಮಿನ ಕಥೆಯನ್ನು ಜನ ಇವತ್ತಿಗೂ ಹೇಳುತ್ತಾರೆ. ಸುಟ್ಟದ್ದು ಯಾರು ಎಂಬುದನ್ನು ಮರೆತು ಹೇಳುತ್ತಾರೆ.

ಅದೇ ತೊದಲುವ ಹುಡುಗನ ಅಪ್ಪ ಊರಲ್ಲಿ ಸತ್ತಾಗ ಅವನು ರಜೆ ಕೇಳಲು ಬಂದ. ಜನವರಿ, ಕೆಲಸದ ಒತ್ತಡ. ಅವರು ಅವನನ್ನು ಕೂರಿಸಿ ಟೀ ತರಿಸಿದರು. "ನೀನು ಊರು ಮುಟ್ಟುವಾಗ ಬೂದಿಯೂ ತಣ್ಣಗಾಗಿರ್ತದೆ. ಬೂದಿಗೆ ನಿನ್ನ ಗುರುತು ಸಿಗ್ತದಾ? ಇಲ್ಲ. ಅಪ್ಪಾ ಅಂತ ಅಳಲಿಕ್ಕೆ ಹೋದ್ರೂ, 'ಅ...ಅ...' ಅನ್ನುವಷ್ಟರಲ್ಲಿ ಬೊಜ್ಜ ಮುಗಿದಿರ್ತದೆ" ಎಂದರು. ಬೊಜ್ಜ ಎಂದರೆ ನಮ್ಮ ಕಡೆ ಹನ್ನೊಂದನೆಯ ದಿನದ ಕಾರ್ಯ. ಟೀ ಆರುವ ಮೊದಲು ಹುಡುಗ ಎದ್ದು ಹೋಗಿ ಕೆಲಸದ ಪಿಕಪ್ ಹತ್ತಿದ. ನಾನು ಬಾಯಿ ಬಿಟ್ಟಾಗ, "ಬಾಯಮ್ಮ, ಫೋನ್ ಹೊಡೀತಾ ಉಂಟು" ಎಂದರು. ಫೋನ್ ಹೊಡೆಯುತ್ತಿರಲಿಲ್ಲ.

ಒಂದು ಒಳ್ಳೆಯದನ್ನೂ ಬರೆಯಬೇಕು, ಬರೆಯದಿದ್ದರೆ ನನಗೂ ಅವರಿಗೂ ವ್ಯತ್ಯಾಸವಿರುವುದಿಲ್ಲ. ಒಮ್ಮೆ ಬೆಳಿಗ್ಗೆ ಒಂದು ಮನೆಯಿಂದ ಕರೆ ಬಂತು. ಚಿತ್ರ ಯಾವುದೂ ಹತ್ತಿಲ್ಲ, ಆದರೆ ಮಕ್ಕಳು ಏಳುತ್ತಿಲ್ಲ, ನನಗೂ ತಲೆ ಸಿಡಿಯುತ್ತಿದೆ ಎಂದಳು ತಾಯಿ. ಅವರು ನನ್ನ ಕೈಯಿಂದ ಫೋನ್ ಕಿತ್ತು, "ಕಿಟಕಿ ಒಡೆಯಿರಿ, ತೆರೆಯುತ್ತಾ ಕೂರಬೇಡಿ" ಎಂದು ಕಿರುಚಿ, ಬಿಳಿ ಶೂಸಿನಲ್ಲೇ ಓಡಿದರು. ಹೊಗೆಯ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿ ಹೊಗೆಯೆಲ್ಲ ಮನೆಯೊಳಗೆ ಬಂದಿತ್ತು. ಎರಡೂ ಮಕ್ಕಳನ್ನು ಹೊತ್ತು ಹೊರಗೆ ತಂದವರು ಅವರೇ. ಮಕ್ಕಳು ಉಳಿದವು. ಆಮೇಲೆ ಆ ತಾಯಿ ಕೈಮುಗಿದಾಗ, "ಹೆರಲಿಕ್ಕೆ ಬರ್ತದೆ, ಕಿಟಕಿ ತೆರೀಲಿಕ್ಕೆ ಬರುದಿಲ್ಲ ಅಲ್ವಾ?" ಎಂದು ಹೇಳಿ ಬಂದರಂತೆ. ಯಂತ್ರದ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರನ್ನು ನಾನು ನೋಡಿಲ್ಲ. ಯಂತ್ರಕ್ಕೆ ಅವರು ಎಂದೂ ಮೋಸ ಮಾಡಲಿಲ್ಲ.

ಅವರ ಬಲಗೈಯ ಹೆಬ್ಬೆಟ್ಟಿನ ಬಗ್ಗೆ ಹೇಳಲೇಬೇಕು. ಹಿಂದೆ ಎಂದೋ ಪಂಪಿನ ಬೆಲ್ಟಿಗೆ ಸಿಕ್ಕಿ ಅದರ ಒಂದು ಬದಿಯ ಮಾಂಸ ಹೋಗಿತ್ತು. ಅವರು ಯಾವುದಕ್ಕೆ ಹೆಬ್ಬೆಟ್ಟು ಒತ್ತಿದರೂ ಗುರುತು ದುಂಡಗೆ ಬರುತ್ತಿರಲಿಲ್ಲ, ಒಂದು ಪಕ್ಕ ಕೊಯ್ದ ಹಾಗೆ ಇರುತ್ತಿತ್ತು. ವರ್ಷಕ್ಕೊಮ್ಮೆ ಆ ಗುರುತನ್ನು ಅರ್ಧ ಬಹರೈನ್ ನೋಡುತ್ತಿತ್ತು. ಆಯುಧಪೂಜೆಯ ದಿನ.

ಊರಲ್ಲಿ ಬಸ್ಸಿಗೂ ಹೊಲಿಗೆ ಮೆಶಿನ್ನಿಗೂ ಪೂಜೆ ಮಾಡುತ್ತಾರಲ್ಲ, ಅವರು ಅದನ್ನು ಬಾಯ್ಲರುಗಳಿಗೆ ಮಾಡುತ್ತಿದ್ದರು. ಆಫೀಸಿನಲ್ಲಿ ಸ್ಪ್ಯಾನರುಗಳನ್ನು ಸಾಲಾಗಿಟ್ಟು ಪೂಜೆಯಾದ ಮೇಲೆ ಪಿಕಪ್ ಹತ್ತಿ ನಮ್ಮ ಗಿರಾಕಿಗಳ ಮನೆಮನೆಗೆ ಹೋಗುವುದು. ಗಂಧದಲ್ಲಿ ಗಟ್ಟಿಯಾಗಿ ಕಲಸಿದ ಕುಂಕುಮ. ಬಾಯ್ಲರಿನ ಮುಖಕ್ಕೆ, ಹಣೆಯ ಜಾಗ ನೋಡಿ, ಒಂದು ಬೊಟ್ಟು. ಆ ಬೊಟ್ಟನ್ನು ಬೇರೆ ಯಾರೂ ಇಡುವಂತಿರಲಿಲ್ಲ. "ನನ್ನ ಹೆಬ್ಬೆಟ್ಟು ಬೀಳದ ಬಾಯ್ಲರ್ ಚಳಿಗಾಲಕ್ಕೆ ಹತ್ತುದಿಲ್ಲ" ಎಂದು ಅವರು ಮೀಸೆಯಲ್ಲಿ ನಗುತ್ತಿದ್ದರು. ಗಿರಾಕಿಗಳಿಗೂ ಅದು ಇಷ್ಟವೇ. ಪರದೇಶದ ಹೆಂಗಸರು ಫೋಟೋ ತೆಗೆದುಕೊಳ್ಳುತ್ತಿದ್ದರು. ಪಿಕಪ್ ಓಡಿಸುತ್ತಿದ್ದವರು ನನ್ನ ಗಂಡ. ಕುಂಕುಮದ ತಟ್ಟೆ ಹಿಡಿದುಕೊಂಡು ಹಿಂದೆ ನಿಲ್ಲುತ್ತಿದ್ದದ್ದೂ ಹೌದು. ಕ್ರೈಸ್ತರಾದರೇನು, ಜೊತೆಯವರ ಹಬ್ಬ, ತಟ್ಟೆ ಹಿಡಿದರೆ ಕೈ ಸವೆಯುವುದಿಲ್ಲ ಎನ್ನುತ್ತಿದ್ದರು.

ಆ ವರ್ಷ ಅದ್ಲಿಯಾದ ಒಂದು ವಿಲ್ಲಾಕ್ಕೆ ಹೊಸ ಮಾದರಿಯ ಬಾಯ್ಲರ್ ಬಂದಿತ್ತು. ಹಳೆಯದರಲ್ಲಿ ದೀಪಗಳು ಕೆಳಗಿದ್ದರೆ ಇದರಲ್ಲಿ ಮೇಲೆ. ಉರಿಯದಿದ್ದಾಗ ಕಪ್ಪು ಗಾಜಿನ ಹಿಂದೆ ಚಿತ್ರಗಳು ಕಾಣುವುದೇ ಇಲ್ಲ. ಹಣೆಯ ನಡುವಿನ ದೀಪ ಥರ್ಮಾಮೀಟರಿನದ್ದು. ಅವರ ಹೆಬ್ಬೆಟ್ಟು ಸರಿಯಾಗಿ ಅದರ ಮೇಲೆ ಬಿತ್ತು.

ಗಂಧ ಒಣಗಿ ಸಿಮೆಂಟಿನ ಹಾಗಾಯಿತು. ಚಳಿ ಬಂತು. ಬೇಸಿಗೆಯಿಡೀ ನಿಂತಿದ್ದ ಪಂಪು ಜಾಮ್ ಆಗಿತ್ತು. ಬೆಂಕಿ ಉರಿಯಿತು, ನೀರು ಸುತ್ತಲಿಲ್ಲ, ಕಾದು ಕಾದು ಬಾಯ್ಲರ್ ತಾನೇ ನಿಂತಿತು, ಥರ್ಮಾಮೀಟರ್ ಹತ್ತಿತು, ಕುಂಕುಮದ ಅಡಿಯಲ್ಲಿ. ಆ ಮನೆಯ ಮೇಡಂ ನನಗೆ ಫೋನ್ ಮಾಡಿದಳು. ಬಾಯ್ಲರ್ ನಿಂತಿದೆ ಎಂದಳು. ಯಾವ ಚಿತ್ರ ಕಾಣುತ್ತಿದೆ ಎಂದು ಕೇಳಿದೆ. ಏನೂ ಇಲ್ಲ, ಒಂದು ದೀಪವೂ ಉರಿಯುತ್ತಿಲ್ಲ ಎಂದಳು. ನಾನು ಅವರ ಕಡೆ ತಿರುಗಿ ಹೇಳಿದೆ. ಅವರು ಯಾರದೋ ಊಟದ ಡಬ್ಬಿಯಿಂದ ತೆಗೆದ ಮೀನಿನ ತಲೆ ಚೀಪುತ್ತಿದ್ದರು.

"ಚಿತ್ರ ಇಲ್ವಾ? ಹಾಗಾದ್ರೆ ಕಾಯಿಲೆ ಇಲ್ಲ. ಕರೆಂಟು ಹೋಗಿ ಬಂದಿರ್ಬೇಕು. ರೀಸೆಟ್ ಒತ್ತಲಿಕ್ಕೆ ಹೇಳಿ."

ಮೇಡಂ ಒತ್ತಿದಳು. ಉರಿಯಿತು, ಮತ್ತೆ ನಿಂತಿತು. ಮತ್ತೆ ಫೋನ್ ಬಂತು. "ಇನ್ನೊಮ್ಮೆ ಒತ್ತಲಿ" ಎಂದರು. ಮೂರನೆಯ ಸಲ ಫೋನ್ ಬಂದಾಗ ಆ ಕಡೆ ಬರೀ ಕಿರುಚಾಟ. ಒಳಗಿನ ಒತ್ತಡ ತಡೆಯದೆ ಸೇಫ್ಟಿ ವಾಲ್ವ್ ತೆರೆದಿತ್ತು. ಅದರ ಕೊಳವೆಯ ತುದಿ ಹಿಂದಿನ ಅಂಗಳಕ್ಕೆ ಬಿಟ್ಟಿದ್ದರು. ಅಲ್ಲಿ ಕುಕ್ಕರಗಾಲಲ್ಲಿ ಕೂತು ಪಾತ್ರೆ ತೊಳೆಯುತ್ತಿದ್ದ ಅಡುಗೆಯವಳ ಎರಡೂ ಕಾಲಿನ ಮೇಲೆ ಕುದಿನೀರು ಹಾರಿತ್ತು. ಶ್ರೀಲಂಕಾದ ಹೆಂಗಸು. ಆಸ್ಪತ್ರೆಯಲ್ಲಿ ಕಾಲುಚೀಲ ತೆಗೆಯುವಾಗ ಅದರ ಜೊತೆ ಚರ್ಮವೂ ಬಂತಂತೆ. ಉಳಿದಳು. ನಡೆಯಲಾಗದವಳು ಅಡುಗೆಮನೆಯಲ್ಲಿ ಯಾತಕ್ಕೆ ಎಂದು ಕೆಲವು ತಿಂಗಳಲ್ಲಿ ಅವಳನ್ನು ಊರಿಗೆ ಕಳುಹಿಸಿದರು.

ಕರೆ ಬಂದ ತಕ್ಷಣ ಅಲ್ಲಿಗೆ ಓಡಿದವರು ನನ್ನ ಗಂಡ. ಬಾಯ್ಲರಿನ ಎದುರು ನಿಂತು ನೋಡಿದರೆ ಕುಂಕುಮದ ಅಂಚಿನಲ್ಲಿ ಒಂದು ಎಳೆಯಷ್ಟು ಬೆಳಕು. ಉಗುರಿನಲ್ಲಿ ಕೆರೆದರು, ಕರ್ಚೀಫು ಒದ್ದೆ ಮಾಡಿ ಒರೆಸಿದರು. ಅಡಿಯಲ್ಲಿ ಥರ್ಮಾಮೀಟರ್ ಉರಿಯುತ್ತಿತ್ತು. ಎಲ್ಲಿ ತಪ್ಪಿತೆಂದು ಕಂಡುಹಿಡಿದ ಖುಷಿಗೆ, ಪಾಪ, ಆ ಪಕ್ಕ ಕೊಯ್ದ ಬೊಟ್ಟನ್ನು ಪೂರ್ತಿ ಒರೆಸಿಬಿಟ್ಟರು. ಆ ಮನೆಯಲ್ಲಿದ್ದ ಒಂದೇ ಸಾಕ್ಷಿಯನ್ನು ತಮ್ಮ ಕೈಯಾರೆ ಒರೆಸಿದ ಮನುಷ್ಯ ನನ್ನ ಗಂಡ.

ಮರುದಿನ ಬೆಳಿಗ್ಗೆ ಕಂಪನಿಯ ಧಣಿ, ನಾವು ಅರ್ಬಾಬ್ ಎನ್ನುತ್ತಿದ್ದವರು, ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಕಂಡದ್ದನ್ನು ನನ್ನ ಗಂಡ ಹಿಂದಿನ ದಿನವೇ ಆಫೀಸಿನಲ್ಲಿ ಹೇಳಿದ್ದರು. ದೀಪದ ಮೇಲೆ ಆ ಕೆಂಪು ಹಚ್ಚಿದ್ದು ಯಾರು? ಸಾಲಿನಲ್ಲಿದ್ದ ಒಬ್ಬೊಬ್ಬನ ಕಣ್ಣೂ ಅಣ್ಣನ ಹೆಬ್ಬೆಟ್ಟಿನ ಕಡೆ ಹೋಯಿತು. ನಾನು ನನ್ನ ಕಣ್ಣಾರೆ ಕಂಡೆ. ಅವರು ಆ ಕೈಯನ್ನು ನಿಧಾನವಾಗಿ ಪ್ಯಾಂಟಿನ ಜೇಬಿಗೆ ಹಾಕಿ, ಇನ್ನೊಂದು ಕೈಯಿಂದ ನನ್ನ ಗಂಡನನ್ನು ತೋರಿಸಿದರು.

"ಇಸ್ಕಾ ಹಾಥ್ ದೇಖೋ, ಅರ್ಬಾಬ್."

ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಕುಂಕುಮ ಉಳಿದಿತ್ತು. ಜೇಬಿನಲ್ಲಿ ಕೆಂಪಾದ ಕರ್ಚೀಫು. ನನ್ನ ಗಂಡ "ಅಣ್ಣ..." ಎಂದರು, ಅಷ್ಟೇ. ನಾನು ಸುಮ್ಮನಿರಲಿಲ್ಲ. ಇವರು ಕ್ರೈಸ್ತರು, ಕುತ್ತಿಗೆಯಲ್ಲಿ ಶಿಲುಬೆ ನೋಡಿ, ನಾವು ಕುಂಕುಮ ಹಚ್ಚುವವರಲ್ಲ ಎಂದು ಇಂಗ್ಲಿಷಿನಲ್ಲಿ ಗಂಟಲು ಹರಿಯುವಂತೆ ಹೇಳಿದೆ. ಅರ್ಬಾಬ್ ಶಾಂತವಾಗಿಯೇ ಕೇಳಿದರು: ನೀವೆಲ್ಲ ಒಂದೇ ಊರಿನವರಲ್ಲವೇ? ತಟ್ಟೆ ಹಿಡಿದುಕೊಂಡು ಇವನು ಹೋಗಿರಲಿಲ್ಲವೇ? ನೀನು ಇವನ ಹೆಂಡತಿ, ಬೇರೆ ಏನು ಹೇಳುತ್ತೀ? ಉಳಿದ ಬಾಯ್ಲರುಗಳ ಮೇಲಿನ ಬೊಟ್ಟು ಹೋಗಿ ನೋಡಿ, ಅದು ಯಾರ ಹೆಬ್ಬೆಟ್ಟೆಂದು ಗೊತ್ತಾಗುತ್ತದೆ ಎಂದೆ. ಆಗಲಿ, ನಾಳೆ ನೋಡುತ್ತೇನೆ ಎಂದರು. ಮರುದಿನದ ಹೊತ್ತಿಗೆ ಒಂದೊಂದು ಬಾಯ್ಲರಿನ ಮುಖವೂ ತೊಳೆದ ತಟ್ಟೆಯ ಹಾಗಿತ್ತು. ಸುರಕ್ಷತೆಗಾಗಿ ಒರೆಸಿಸಿದೆ ಎಂದರು ನಮ್ಮ ಅಣ್ಣ. ಒರೆಸಿದವರು ನಮ್ಮ ಜೊತೆ ಉಂಡವರೇ. ಬೊಕ್ಕೆ ಎದ್ದ ಬೆನ್ನಿನವನು ಕೂಡ.

ಸಂಜೆ ಎಲ್ಲರೂ ಹೋದ ಮೇಲೆ ನಾನು ಅವರ ಮೇಜಿನೆದುರು ನಿಂತೆ. "ಯಾಕೆ ಇವರೇ? ಅಷ್ಟು ಜನ ಇದ್ದರಲ್ಲ" ಎಂದೆ.

"ಅವ ಮಾತಾಡುದಿಲ್ಲ, ಅದಕ್ಕೆ. ನೋಡಿ ಬಾಯಮ್ಮ, ನಾನು ಹೋದ್ರೆ ಈ ಕಂಪನಿ ಮುಚ್ತದೆ. ಅವ ಹೋದ್ರೆ ಒಂದು ಸ್ಪ್ಯಾನರ್ ಕಮ್ಮಿ. ನಿಮಗೇ ಲೆಕ್ಕ ಬರ್ತದಲ್ಲ?"

"ದೇವರು ನೋಡ್ತಾನೆ" ಎಂದೆ.

"ನೋಡ್ಲಿ. ಯಾವ ಚಿತ್ರ ಹತ್ತಿದೆ ಅಂತ ಕೇಳಿ ಹೇಳಿ" ಎಂದು ಶರ್ಟಿನ ಮೇಲಿಲ್ಲದ ಧೂಳು ಕೊಡವಿಕೊಂಡು ಎದ್ದರು.

ನಮ್ಮ ವೀಸಾ ಕ್ಯಾನ್ಸಲ್ ಆಯಿತು. ಮಗಳನ್ನು ಈಸಾ ಟೌನಿನ ಶಾಲೆಯಿಂದ ವರ್ಷದ ನಡುವೆ ಬಿಡಿಸಿದೆವು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಅವರು ಇಟ್ಟ ಹೊಸ ಹೆಸರು. ನಮ್ಮ ಕ್ಯಾಥೊಲಿಕ್ ಜನರನ್ನು ತುಳುವರು ಪೊರ್ಬು ಎನ್ನುತ್ತಾರೆ. ಅವರು ನನ್ನ ಗಂಡನಿಗೆ 'ಕುಂಕುಮ ಪೊರ್ಬು' ಎಂದು ಹೆಸರಿಟ್ಟರು. ನಾವು ಮಂಗಳೂರು ಮುಟ್ಟುವ ಮೊದಲೇ ಆ ಹೆಸರು ಮುಟ್ಟಿತ್ತು. ಕೆಲಸ ಕೇಳಲು ಹೋದಲ್ಲೆಲ್ಲ, "ಓ, ಬಾಯ್ಲರಿಗೆ ಬೊಟ್ಟಿಟ್ಟ ಜನವಾ?" ಎಂದು ನಗು. ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಅಂಗಳದಲ್ಲಿ ನಮ್ಮವರೇ, "ಕೆಲಸ ಉಳಿಸಿಕೊಳ್ಳಲಿಕ್ಕೆ ಪೂಜೆಯನ್ನೂ ಮಾಡಿದನಂತೆ" ಎಂದು ಗುಸುಗುಸು ಮಾಡಿದರು. ಒಂದು ಹೆಂಗಸಿನ ಕಾಲು ಸುಟ್ಟದ್ದು ಇವನಿಂದ ಎಂಬುದೂ ಆ ನಗುವಿನ ಹಿಂದೆ ಇರುತ್ತಿತ್ತು. ನನ್ನ ಗಂಡನನ್ನು ಅದು ತಿಂದಿತು. ನಾನು ತಪ್ಪು ಮಾಡಿಲ್ಲ ಎಂದು ತಾನೇ ಹೇಳಿಕೊಂಡರೆ ಯಾರು ನಂಬುತ್ತಾರೆ, ಅಣ್ಣ ಒಮ್ಮೆ ಹೇಳಿದರೆ ಸಾಕು ಎನ್ನುತ್ತಿದ್ದರು. ಒಂದು ದಿನ ಹೇಳುತ್ತಾರೆ, ಯಂತ್ರಕ್ಕೆ ಮೋಸ ಮಾಡದ ಮನುಷ್ಯ ಎಂದು ನನಗೇ ಸಮಾಧಾನ ಮಾಡುತ್ತಿದ್ದರು. ನನಗೆ ಸಿಟ್ಟಿನಿಂದ ಮೈ ಉರಿಯುತ್ತಿತ್ತು.

ಕೊನೆಗೆ ಮನೆಯಲ್ಲೇ ಗೀಸರ್ ರಿಪೇರಿ ಶುರು ಮಾಡಿದೆವು. ಫೋನ್ ಎತ್ತುವವಳು ಮತ್ತೆ ನಾನೇ. ಎಷ್ಟೋ ವರ್ಷ ಹೀಗೆಯೇ ಕಳೆಯಿತು. ಹೋದ ವರ್ಷ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಫೋನ್ ಮಾಡಿದಳು. ಹೊಸದಾಗಿ ಫ್ಲ್ಯಾಟಿಗೆ ಬಂದಿದ್ದೇವೆ, ಗ್ಯಾಸ್ ಗೀಸರ್ ಹತ್ತುತ್ತಿಲ್ಲ, ಕೆಂಪಗೆ ಏನೋ ಮಿಣುಕುತ್ತಿದೆ ಎಂದಳು. ಅವಳ ಹಿಂದಿನಿಂದ ಒಂದು ಗಂಡಸಿನ ಸ್ವರ ಗದರಿತು. "ಬಣ್ಣ ಎಂತಕ್ಕೆ ಹೇಳುದು? ಚಿತ್ರ ಹೇಳು, ಚಿತ್ರ!"

ಸ್ವರ ಅವರದೇ. ವಿಳಾಸ ತೆಗೆದುಕೊಂಡೆ. ಗಂಡನಿಗೆ ಹೇಳಿದಾಗ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡರು. ಗೀಸರ್ ರಿಪೇರಿಗೆ ಇಸ್ತ್ರಿ ಶರ್ಟು! "ನೀನೂ ಬಾ. ಆದರೆ ಬಾಯಿ ತೆರೆಯಬೇಡ. ಅವರಾಗಿಯೇ ಹೇಳಲಿ" ಎಂದರು.

ಸಕ್ಕರೆ ಕಾಯಿಲೆ ಅಣ್ಣನ ಎರಡೂ ಕಣ್ಣು ತೆಗೆದಿತ್ತು. ಹಜಾರದ ಕುರ್ಚಿಯಲ್ಲಿ ಬಿಳಿ ಶರ್ಟು ಹಾಕಿಕೊಂಡು ಕೂತಿದ್ದರು, ಎದೆಯ ಮೇಲೆ ಸಾರಿನ ಕಲೆ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲ. ನನಗೆ ಖುಷಿಯಾಯಿತು ಎಂದು ಬರೆಯಲು ನಾಚಿಕೆಯೇನಿಲ್ಲ. ಅವರ ಹೆಂಡತಿ ಬಚ್ಚಲು ತೋರಿಸಿದಳು. ಬಹರೈನಿನಲ್ಲಿ ಇವಳನ್ನು ನಾವು ನೋಡಿದ್ದೇ ಕಡಿಮೆ, ಅವಳಿಗೆ ನಮ್ಮ ಗುರುತಾಗಲಿಲ್ಲ. ನಾನು ಬಾಗಿಲ ಹತ್ತಿರ ಬಾಯಿ ಹೊಲಿದುಕೊಂಡವಳ ಹಾಗೆ ನಿಂತೆ. ನನ್ನ ಗಂಡ ಗೀಸರಿನ ಮುಚ್ಚಳ ಬಿಚ್ಚಿ, "ಅಡ್ಡಗೆರೆಯ ಬೆಂಕಿ ಹತ್ತಿದೆ ಸರ್. ಕಸ ಕೂತಿದೆ, ತೆಗೆಯುತ್ತೇನೆ" ಎಂದರು.

ಸರಿಯಾದ ಮಾತು ಕೇಳಿ ಅವರ ಮುಖ ಅರಳಿತು. "ಕೆಲಸ ಗೊತ್ತುಂಟು ಮಾರಾಯ್ರೆ ನಿಮಗೆ! ನಾನು ಬಹರೈನಿನಲ್ಲಿ ಇಂಥದ್ದನ್ನೇ ಮಾಡಿದ್ದು, ದೊಡ್ಡ ದೊಡ್ಡದು. ಒಂದು ಕಥೆ ಹೇಳ್ತೇನೆ ಕೇಳಿ. ನಮ್ಮಲ್ಲಿ ಒಬ್ಬ ಪೆದ್ದು ಪೊರ್ಬು ಇದ್ದ. ಆಯುಧಪೂಜೆಯ ದಿನ ಬಾಯ್ಲರಿಗೆ ಬೊಟ್ಟಿಟ್ಟ. ಎಲ್ಲಿಗೆ ಗೊತ್ತುಂಟಾ? ಸರೀ ಥರ್ಮಾಮೀಟರಿನ ಮೇಲೆ!"

ಕಥೆಯ ಎಲ್ಲಿ ನಗಬೇಕೆಂದು ಹೆಂಡತಿಗೆ ಬಾಯಿಪಾಠವಿತ್ತು. ಅವಳು ಸ್ವಲ್ಪ ಮೊದಲೇ ನಕ್ಕಳು. ಅವರು ಕಾಲು ಸುಟ್ಟ ಹೆಂಗಸಿನ ಕುಣಿತವನ್ನು ಕೂತಲ್ಲೇ ಅಭಿನಯಿಸಿ ತೋರಿಸಿದರು. ಸಾಲಿನಲ್ಲಿ ನಿಂತ ಪೊರ್ಬುವಿನ ಕೆಂಪು ಉಗುರು, "ಅಣ್ಣ" ಎಂದು ನಿಂತುಹೋದ ಅವನ ಸ್ವರ, ಯಾವುದನ್ನೂ ಬಿಡಲಿಲ್ಲ. ನನ್ನ ಗಂಡ ಬ್ರಷ್ಷಿನಿಂದ ಕಸ ತೆಗೆಯುತ್ತಲೇ ಇದ್ದರು. ಮುಗಿದ ಮೇಲೆ ಕೇಳಿದರು, "ಅವನ ಹೆಸರೇನು ಸರ್?"

"ಹೆಸರು ಯಾರಿಗೆ ನೆನಪುಂಟು? ಕುಂಕುಮ ಪೊರ್ಬು ಅಂತ ನಾನೇ ಇಟ್ಟದ್ದು. ಹಾಂ, ನಿಮ್ಮ ಹೆಸರೆಂತ?"

ನನ್ನ ಗಂಡ ತಮ್ಮ ಪೂರ್ತಿ ಹೆಸರನ್ನು, ಮನೆತನದ ಹೆಸರಿನ ಸಹಿತ, ಬಿಡಿಬಿಡಿಯಾಗಿ ಹೇಳಿದರು. ಹೇಳಿ ಕಾದರು.

"ಓ, ನೀವೂ ಪೊರ್ಬುಗಳಾ? ಬೇಜಾರು ಮಾಡ್ಬೇಡಿ ಆಯ್ತಾ. ನಿಮ್ಮಲ್ಲಿ ಎಲ್ಲರೂ ಹಾಗಿಲ್ಲ" ಎಂದು ಅವರು ನಕ್ಕರು.

ನನ್ನ ಗಂಡ ಮುಚ್ಚಳ ಹಾಕಿದರು, ಸ್ಕ್ರೂ ಬಿಗಿ ಮಾಡಿದರು, ಗೀಸರ್ ಹಚ್ಚಿ ತೋರಿಸಿದರು. "ಮತ್ತೆ ನಿಂತರೆ ಒಂದೇ ಸಲ ಒತ್ತಿ" ಎಂದು ಹೆಂಡತಿಗೆ ಹೇಳಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ಅವರ ಇಸ್ತ್ರಿ ಶರ್ಟಿನ ಬೆನ್ನು ಒದ್ದೆಯಾಗಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಬಾಗಿಲಿನಿಂದ ತಿರುಗಿ ನಿಂತು, ಆಫೀಸಿನಲ್ಲಿ ಫೋನ್ ಎತ್ತುತ್ತಿದ್ದ ಅದೇ ಸ್ವರದಲ್ಲಿ ಕೇಳಿದೆ: "ಗುಡ್ ಮಾರ್ನಿಂಗ್. ಯಾವ ಚಿತ್ರ ಹತ್ತಿದೆ ಹೇಳಿ."

ಅವರ ನಗು ಅಲ್ಲಿಗೇ ನಿಂತಿತು. ಬಲಗೈಯ ಹೆಬ್ಬೆಟ್ಟು ಮೆಲ್ಲಗೆ ಮುಷ್ಟಿಯೊಳಗೆ ಹೋಯಿತು. ಮೆಟ್ಟಿಲು ಇಳಿಯುತ್ತಿರುವವನು ಯಾರು ಎಂಬುದು ಅವರಿಗೆ ತಿಳಿಯಿತು. ಹೆಜ್ಜೆ ಇನ್ನೂ ಕೇಳುತ್ತಿತ್ತು. ಒಮ್ಮೆ ಕೂಗಿದ್ದರೆ ಸಾಕಿತ್ತು.

"ಯಾರದು?" ಎಂದು ಹೆಂಡತಿ ಕೇಳಿದಳು.

"ಯಾರೂ ಅಲ್ಲ. ಬಾಗಿಲು ಹಾಕು" ಎಂದರು.

ನಮ್ಮ ಫೋನ್ ನಂಬರ್ ಆ ಮನೆಯಲ್ಲಿತ್ತು. ಆಮೇಲೆ ಕೆಲವು ತಿಂಗಳು ಅವರು ಬದುಕಿದ್ದರು. ಆ ಮನೆಯಿಂದ ಫೋನ್ ಬರಲಿಲ್ಲ. ಬಾಗಿಲಲ್ಲಿ ಕೇಳಿದ ಆ ಮಾತನ್ನು ನಾನು ಗಂಡನಿಗೆ ಹೇಳಿಲ್ಲ. ಅವರು ಕನ್ನಡ ಓದುವುದು ಕಡಿಮೆ. ಇದನ್ನು ಓದಿದರೆ ಓದಲಿ.

ಈ ಬರಹದಲ್ಲಿ ಆ ಸತ್ತ ಮನುಷ್ಯನ ಹೆಸರು ಎಲ್ಲಿಯೂ ಇಲ್ಲ ಎಂಬುದನ್ನು ನೀವು ಗಮನಿಸಿರಬಹುದು. ನನಗೆ ಚೆನ್ನಾಗಿ ನೆನಪಿದೆ. ಬರೆಯುವುದಿಲ್ಲ. ನನ್ನ ಗಂಡನ ಹೆಸರು ಬೋನಿಫಾಸ್ ಡಿಸೋಜ.